ಪಲ್ಪರ್ ಗೇರ್ ಮಾಡಿಸಲು ಯಾವ ಕಟರ್?

ಚಿಕ್ಕಮಗಳೂರು ಕಡೆ ಕೊಯ್ಲಿನ ನಡುವೆ, ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರದ ಗೇರ್ ಮುರಿದರೆ ಹಣ್ಣು ನಮಗಾಗಿ ಕಾಯುವುದಿಲ್ಲ. ಹೊಸ ಗೇರ್‌ನ ಹಲ್ಲು ಕಡಿಯಲು ಫಾರ್ಮ್ ಕಟರ್ (ಹಲ್ಲಿನ ಸಂದಿಯ ಆಕಾರದ ಕಟರ್), ಹಾಬ್ (ಸ್ಕ್ರೂ ಆಕಾರದ ಕಟರ್), ಫ್ಲೈ ಕಟರ್ (ಒಂದೇ ಅಲಗಿನ ಕಟರ್) ಇವುಗಳಲ್ಲಿ ಯಾವುದೆಂದು ಕೇಳಿದ್ದೀರಿ. ಮೊದಲು ಹಲ್ಲಿನ ಅಳತೆ ಹಿಡಿಯಿರಿ.

ಹಲ್ಲು ಎಣಿಸಿ 2 ಕೂಡಿಸಿ, ಹೊರವ್ಯಾಸವನ್ನು ಅದರಿಂದ ಭಾಗಿಸಿ. 30 ಹಲ್ಲು, 96 ಮಿ.ಮೀ. ಇದ್ದರೆ 3 ಮಾಡ್ಯೂಲ್ (ಮಿ.ಮೀ. ಲೆಕ್ಕದಲ್ಲಿ ಹಲ್ಲಿನ ಗಾತ್ರದ ಅಳತೆ). 101.6 ಮಿ.ಮೀ. ಇದ್ದರೆ 3.175 ಬರುತ್ತದೆ, ಅದು ಇಂಚಿನ ಲೆಕ್ಕದ 8 ಡಿಪಿ (ಡಯಾಮೆಟ್ರಲ್ ಪಿಚ್). ಸವೆದ ಗೇರ್ ಸ್ವಲ್ಪ ಕಡಿಮೆ ತೋರಿಸುತ್ತದೆ, ನೆನಪಿರಲಿ. ಹಲ್ಲಿನ ಕೋನ 20 ಡಿಗ್ರಿಯೋ, ಹಳೆಯ 14.5 ಡಿಗ್ರಿಯೋ ಎಂದೂ ಗೇಜ್ ಹಿಡಿದು ನೋಡಿ.

ಖರ್ಚಿನಲ್ಲಿ ಫ್ಲೈ ಕಟರ್ ಅಗ್ಗ. ಉಳಿದ ಒಳ್ಳೆಯ ಹಲ್ಲಿನ ಸಂದಿಗೆ ಹೊಂದುವಂತೆ ಟೂಲ್ ಬಿಟ್ (ಅದರ ಕಡಿಯುವ ಅಲಗು) ಅರೆದರೆ ಸಾಕು. ಕೆಲಸ ನಿಧಾನ, ಆದರೆ ಸಿಗದ ಅಳತೆಯ ಒಂದೇ ಗೇರ್‌ಗೆ ನಾನು ಇದನ್ನೇ ಆರಿಸುತ್ತೇನೆ.

ಮಿಲ್ಲಿಂಗ್ ಮಷೀನು, ಡಿವೈಡಿಂಗ್ ಹೆಡ್ (ಗೇರನ್ನು ಒಂದೊಂದು ಹಲ್ಲಿನಷ್ಟು ಸಮನಾಗಿ ತಿರುಗಿಸುವ ಸಾಧನ) ಇರುವಲ್ಲಿ ಫಾರ್ಮ್ ಕಟರ್ ಸುಲಭ. ಒಂದು ಮಾಡ್ಯೂಲ್‌ಗೆ 8 ಕಟರ್‌ಗಳ ಸೆಟ್. ನಿಮ್ಮ ಹಲ್ಲಿನ ಸಂಖ್ಯೆಗೆ ತಕ್ಕದ್ದು ಒಂದನ್ನೇ ಕೊಂಡರಾಯಿತು. ಇಲ್ಲಿ ಬಹಳ ಜನ ಎಡವುತ್ತಾರೆ: 30 ಹಲ್ಲಿಗೆ ಮಾಡ್ಯೂಲ್ ಸೆಟ್‌ನಲ್ಲಿ 5ನೇ ನಂಬರ್, ಡಿಪಿ ಸೆಟ್‌ನಲ್ಲಿ 4ನೇದು. ಎರಡರ ಎಣಿಕೆ ತಿರುವುಮುರುವು. ಅಂಗಡಿಯಲ್ಲಿ ಬರೀ ನಂಬರ್ ಹೇಳಬೇಡಿ, 26ರಿಂದ 34 ಹಲ್ಲಿನದು ಎಂದೇ ಕೇಳಿ.

ಹಾಬ್ ಒಂದೇ ಇದ್ದರೂ ಆ ಮಾಡ್ಯೂಲ್‌ನ ಎಲ್ಲ ಸಂಖ್ಯೆಯ ಹಲ್ಲು ಕಡಿಯಬಹುದು, ಹಲ್ಲಿನ ಆಕಾರವೂ ನಿಖರ. ಅದಕ್ಕೆ ಹಾಬಿಂಗ್ ಮಷೀನು ಬೇಕು. ಹತ್ತಾರು ಗೇರ್ ಒಟ್ಟಿಗೆ ಮಾಡಿಸುವವರಿಗೆ, ವೇಗವಾಗಿ ತಿರುಗುವ ಗೇರ್‌ಗೆ ಅದೇ ಸರಿ.