ಒಂದೇ ದಿನ ಇದ್ದರೆ ಜಲಪಾತವಾ, ಬೆಟ್ಟವಾ, ಪಾರ್ಕಾ?

ಟ್ರಿಪ್ ಅಂದ ಕೂಡಲೇ ನಮ್ಮ ಮನೆಯಲ್ಲಿ ಮೂರು ಮಾತು ಬರುತ್ತವೆ. ಮಗನಿಗೆ ಬೆಟ್ಟ ಬೇಕು. ಮಗಳಿಗೆ ನೀರು ಬೇಕು. ಅಮ್ಮನಿಗೆ ನೆರಳಲ್ಲಿ ಕೂರಲು ಒಂದು ಜಾಗ ಸಿಕ್ಕರೆ ಸಾಕು. ಬೆಳಿಗ್ಗೆ ಹೊರಟು ರಾತ್ರಿ ಊಟಕ್ಕೆ ಮನೆ ಸೇರಬೇಕು ಎಂದರೆ ಒಂದನ್ನು ಆರಿಸಲೇಬೇಕು. ಹಾಗಾಗಿ ಒಂದು ವರ್ಷದಲ್ಲಿ ಮೂರನ್ನೂ ಬೇರೆ ಬೇರೆ ದಿನ ಮಾಡಿ ನೋಡಿದೆವು. ಆಮೇಲೆ ಮೂರನ್ನೂ ಒಂದೇ ದಿನಕ್ಕೆ ಸೇರಿಸಿಯೂ ನೋಡಿದೆವು. ಕಾರು ಅದೇ, ಜನ ಅದೇ ಐದು: ನಾನು, ಹೆಂಡತಿ, 13 ವರ್ಷದ ಮಗ, 6 ವರ್ಷದ ಮಗಳು, ಮಂಡಿ ನೋವಿರುವ ಅಮ್ಮ. ಬೇರೆ ಬೇರೆ ಹೋದಾಗಲೆಲ್ಲ ಒಂದು ಕಡೆಗೆ ಸುಮಾರು ಎರಡು ಗಂಟೆ ದಾರಿಯ ಜಾಗವನ್ನೇ ಹಿಡಿದೆವು. ಇಲ್ಲದಿದ್ದರೆ ಹೋಲಿಸಿ ಏನು ಪ್ರಯೋಜನ, ಅಲ್ವಾ?

ಯಾವ ಜಾಗ ಜಾಸ್ತಿ ಚೆಂದ ಎಂದು ನಾನು ಅಂಕ ಕೊಡುವುದಿಲ್ಲ. ಮೂರೂ ಚೆಂದವೇ. ನಾನು ಗಮನಿಸಿದ್ದು ಸಂಜೆ ವಾಪಸ್ ಬರುವ ದಾರಿಯನ್ನು. ಕಾರಿನಲ್ಲಿ ಯಾರು ಹೇಗಿದ್ದರು, ಸ್ಟೀರಿಂಗ್ ಹಿಡಿದವರಿಗೆ ಎಷ್ಟು ಶಕ್ತಿ ಉಳಿದಿತ್ತು ಎಂಬುದನ್ನು. ಒಂದೇ ದಿನದ ಟ್ರಿಪ್‌ನಲ್ಲಿ ರಾತ್ರಿ ಮಲಗಿ ಎದ್ದು ಬರುವ ಅನುಕೂಲ ಇರುವುದಿಲ್ಲ. ದಣಿದ ಮೈಯಲ್ಲೇ ಅಷ್ಟೂ ದೂರ ವಾಪಸ್ ಬರಬೇಕು.

ಮೊದಲು ಹೋಗಿದ್ದು ಜಲಪಾತಕ್ಕೆ

ಮಳೆಗಾಲ ಮುಗಿದು ಎರಡು ವಾರ ಆಗಿತ್ತು. ನೀರು ತುಂಬಿ ಬೀಳುತ್ತಿತ್ತು. ದಾರಿ ಆರಾಮವಾಗಿತ್ತು, ಕಾರು ನಿಲ್ಲಿಸುವ ಜಾಗದ ಪಕ್ಕದಲ್ಲೇ ನೋಡುವ ಕಟ್ಟೆ. ಅಲ್ಲಿಂದ ಕೆಳಗೆ ಸುಮಾರು 400 ಮೆಟ್ಟಿಲು. ಅಮ್ಮ ಕಟ್ಟೆಯಲ್ಲೇ ಕೂತರು. ನಾವು ನಾಲ್ವರು ಇಳಿದೆವು.

ಇಳಿಯುವಾಗ ಎಲ್ಲರಿಗೂ ಉತ್ಸಾಹ. ಮಗಳು ಹಾಡುತ್ತಾ ಇಳಿದಳು. ಜಲಪಾತದಲ್ಲಿ ನಾವು ಮರೆಯುವುದೇ ಇದು. ಸುಲಭದ ಕೆಲಸ ಮೊದಲು ಬರುತ್ತದೆ, ಕಷ್ಟದ್ದು ಕೊನೆಗೆ ಕಾದಿರುತ್ತದೆ. ನೀರಲ್ಲಿ ಒಂದು ಗಂಟೆ ಆಡಿ, ಒದ್ದೆ ಬಟ್ಟೆಯಲ್ಲಿ, ಹಸಿದ ಹೊಟ್ಟೆಯಲ್ಲಿ ಅದೇ 400 ಮೆಟ್ಟಿಲು ಹತ್ತಬೇಕು. ಕೊನೆಯ 150 ಮೆಟ್ಟಿಲು ಮಗಳನ್ನು ನಾನು ಎತ್ತಿಕೊಂಡೇ ಬಂದೆ. ಮೈ ಒದ್ದೆ ಇದ್ದಾಗ ಬೇಗ ಸುಸ್ತಾಗಲು ಕಾರಣ ಇದೆ. ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಮೈ ಶಾಖ ಎಳೆಯುತ್ತದೆ. ಬಿಸಿಲಿದ್ದರೂ ಮಕ್ಕಳ ತುಟಿ ನಡುಗುವುದು ಅದಕ್ಕೇ.

ಅಲ್ಲಿ ನಡೆದ ಇನ್ನೊಂದು ಸಂಗತಿಯನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಾವು ನೀರಿನ ಅಂಚಿನಲ್ಲಿ ಇದ್ದಾಗ ನೀರಿನ ಬಣ್ಣ ಸ್ವಲ್ಪ ಕೆಂಪಾಯಿತು. ಜೊತೆಗೆ ಎಲೆ, ಕಡ್ಡಿ ತೇಲಿ ಬಂದವು. ನಮ್ಮ ತಲೆ ಮೇಲೆ ಆಕಾಶ ಶುಭ್ರವಾಗಿತ್ತು. ಹೆಂಡತಿ ಮೊದಲು ನೋಡಿ, "ಎಲ್ಲರೂ ಮೇಲೆ ಬನ್ನಿ" ಎಂದು ಜೋರಾಗಿ ಕೂಗಿದಳು. ನಾವು ಮೆಟ್ಟಿಲು ಸೇರಿ ತಿರುಗಿ ನೋಡುವಷ್ಟರಲ್ಲಿ ಮಗ ನಿಂತಿದ್ದ ಬಂಡೆಯ ಮೇಲೆ ನೀರು ಹರಿಯುತ್ತಿತ್ತು. ಮೇಲೆ ಎಲ್ಲೋ ದೂರದಲ್ಲಿ ಮಳೆ ಬಿದ್ದಿರಬೇಕು. ಹೊಳೆ ಏರುವಾಗ ಬಣ್ಣ ಬದಲಾಗುತ್ತದೆ, ಕಸ ತೇಲುತ್ತದೆ, ಸದ್ದು ದಪ್ಪವಾಗುತ್ತದೆ. ಈ ಮೂರರಲ್ಲಿ ಒಂದು ಕಂಡರೂ ಕಾರಣ ಹುಡುಕುತ್ತಾ ನಿಲ್ಲಬೇಡಿ, ಮೇಲೆ ಬನ್ನಿ. ರಭಸವಾಗಿ ಹರಿಯುವ ನೀರು ಬರೀ 15 ಸೆಂಟಿಮೀಟರ್ ಇದ್ದರೂ ದೊಡ್ಡವರ ಕಾಲು ಕೀಳಬಲ್ಲದು.

ಜಲಪಾತ ಬೀಳುವ ಗುಂಡಿಯಲ್ಲಿ ಈಜುವುದಂತೂ ಬೇಡವೇ ಬೇಡ. ಅಲ್ಲಿ ನೊರೆಯಲ್ಲಿ ಗಾಳಿ ತುಂಬಿರುವುದರಿಂದ ನೀರು ನಮ್ಮನ್ನು ಸರಿಯಾಗಿ ತೇಲಿಸುವುದಿಲ್ಲ. ಬೀಳುವ ನೀರು ಕೆಳಕ್ಕೆ ಎಳೆಯುತ್ತದೆ. ಚೆನ್ನಾಗಿ ಈಜು ಬಂದರೂ ಅದು ಅಲ್ಲಿ ಸಾಲುವುದಿಲ್ಲ.

ಸಂತೋಷದ ವಿಷಯವೂ ಇದೆ. ನಾವು ಕೆಳಗೆ ಕಾಮನಬಿಲ್ಲು ಹುಡುಕಿ ಹುಡುಕಿ ಸುಮ್ಮನಾದೆವು. ಮೇಲೆ ಬಂದರೆ ಅಮ್ಮ, "ಆಗಿನಿಂದ ನೋಡ್ತಾ ಇದ್ದೀನಿ, ಅಗೋ" ಎಂದು ಕೆಳಗೆ ಕೈ ತೋರಿಸಿದರು. ಕಾಮನಬಿಲ್ಲು ಕಾಣಬೇಕಾದರೆ ಸೂರ್ಯ ನಮ್ಮ ಬೆನ್ನ ಹಿಂದೆ ಇರಬೇಕು. ಬಿಲ್ಲು ನಮ್ಮ ತಲೆಯ ನೆರಳಿನ ಸುತ್ತ ಸುಮಾರು 42 ಡಿಗ್ರಿ ದೂರದಲ್ಲಿ ಮೂಡುತ್ತದೆ. ಮಧ್ಯಾಹ್ನ ಸೂರ್ಯ ನೆತ್ತಿಯ ಹತ್ತಿರ ಇದ್ದಾಗ ಆ ಬಿಲ್ಲು ಕಣ್ಣಿನ ಮಟ್ಟಕ್ಕಿಂತ ಕೆಳಗೆ ಇಳಿದಿರುತ್ತದೆ. ತುಂತುರನ್ನು ಮೇಲಿಂದ ಬಗ್ಗಿ ನೋಡುವವರಿಗೆ ಮಾತ್ರ ಅದು ಸಿಗುತ್ತದೆ. ಮೆಟ್ಟಿಲು ಇಳಿಯಲಾಗದ ಅಮ್ಮನಿಗೆ ಅವತ್ತಿನ ಅತ್ಯಂತ ಒಳ್ಳೆಯ ನೋಟ ಸಿಕ್ಕಿತು. ನನಗೆ ಅದು ತುಂಬ ಖುಷಿ ಕೊಟ್ಟಿತು.

ವಾಪಸ್ ಬರುವಾಗ ಹತ್ತು ನಿಮಿಷದಲ್ಲಿ ಮಕ್ಕಳಿಬ್ಬರೂ ನಿದ್ದೆ. ನನಗೂ ಕಣ್ಣು ಎಳೆಯುತ್ತಿತ್ತು. ಮಧ್ಯಾಹ್ನ 2ರಿಂದ 4 ಗಂಟೆಯ ನಡುವೆ ಮೈ ತಾನಾಗಿಯೇ ತೂಕಡಿಕೆಗೆ ಇಳಿಯುತ್ತದೆ, ಅದರ ಮೇಲೆ ಈ ದಣಿವು. ಕಾರು ನಿಲ್ಲಿಸಿ 20 ನಿಮಿಷ ಮಲಗಿ ಎದ್ದೆ. ನಂತರದ ದಾರಿ ಸಲೀಸಾಯಿತು.

ಬೆಟ್ಟ: ಕಷ್ಟ ಇರುವುದು ರಸ್ತೆಯಲ್ಲಿ

ಬೆಟ್ಟ ಅಂದರೆ ವಯಸ್ಸಾದವರಿಗೆ ಆಗುವುದಿಲ್ಲ ಎಂದುಕೊಂಡಿದ್ದೆ. ನಮ್ಮ ಅನುಭವ ಬೇರೆ. ತುದಿಯ ಹತ್ತಿರದವರೆಗೂ ರಸ್ತೆ ಇರುವ ಬೆಟ್ಟವಾದರೆ ಹತ್ತುವ ಕೆಲಸವನ್ನೆಲ್ಲ ಕಾರೇ ಮಾಡುತ್ತದೆ. ಅಮ್ಮ ಕಾರಿನಿಂದ ಇಳಿದು ಐವತ್ತು ಹೆಜ್ಜೆ ನಡೆದರು, ಅಷ್ಟರಲ್ಲೇ ಇಡೀ ಕಣಿವೆ ಕಣ್ಣ ಮುಂದೆ ಇತ್ತು. ಮಂಡಿ ನೋವಿನವರಿಗೆ 400 ಮೆಟ್ಟಿಲಿನ ಜಲಪಾತಕ್ಕಿಂತ ಇದು ಎಷ್ಟೋ ವಾಸಿ.

ಆದರೆ ಆ ರಸ್ತೆಯೇ ಮಗಳಿಗೆ ಶಿಕ್ಷೆ ಆಯಿತು. ಮೂರನೇ ತಿರುವಿಗೆ ಮುಖ ಬಿಳಿಚಿತು, ಐದನೇ ತಿರುವಿಗೆ ವಾಂತಿ. ಅವಳು ಚಿತ್ರದ ಪುಸ್ತಕ ನೋಡುತ್ತಿದ್ದಳು, ನಾವು ತಡೆಯಬೇಕಿತ್ತು. ಕಿವಿಯ ಒಳಭಾಗ "ತಿರುಗುತ್ತಿದ್ದೇವೆ" ಎನ್ನುತ್ತದೆ, ಪುಸ್ತಕದಲ್ಲಿರುವ ಕಣ್ಣು "ಸುಮ್ನೆ ಕೂತಿದ್ದೇವೆ" ಎನ್ನುತ್ತದೆ. ಈ ಎರಡರ ಜಗಳವೇ ತಲೆಸುತ್ತು. 2ರಿಂದ 12 ವರ್ಷದ ಮಕ್ಕಳಿಗೆ ಇದು ಜಾಸ್ತಿ. ಪುಸ್ತಕ ಎತ್ತಿಟ್ಟು, ಕಿಟಕಿ ತೆಗೆದು, ಮುಂದಿನ ಗಾಜಿನ ಆಚೆ ದೂರದ ಮರ ನೋಡಲು ಹೇಳಿದೆವು. ಉಳಿದ ತಿರುವುಗಳನ್ನು ತಡೆದುಕೊಂಡಳು. ಕಿವಿ ಮುಚ್ಚಿದಂತಾದಾಗ ನೀರು ಗುಟುಕರಿಸಿದರೆ ಸರಿಹೋಗುತ್ತದೆ.

ನಾವು ಬುಡದಿಂದ ಸುಮಾರು 1,000 ಮೀಟರ್ ಮೇಲೆ ಹೋಗಿದ್ದೆವು. ಅಷ್ಟು ಎತ್ತರಕ್ಕೆ ಉಷ್ಣತೆ ಸುಮಾರು 6.5 ಡಿಗ್ರಿ ಇಳಿಯುತ್ತದೆ. ಕೆಳಗೆ ಬೆವರುತ್ತಿದ್ದ ನಾವು ಮೇಲೆ ಕೈ ಉಜ್ಜಿಕೊಂಡೆವು. ಗಾಳಿಯ ಒತ್ತಡ ಕಡಿಮೆಯಾಗಿ ತಿಂಡಿಯ ಪ್ಯಾಕೆಟ್ ಬಲೂನಿನಂತೆ ಉಬ್ಬಿತ್ತು. ಮಗನಿಗೆ ಅದನ್ನು ನೋಡಿ ಏಕೆ ಹೀಗೆ ಎಂದು ನೂರು ಪ್ರಶ್ನೆ. ಟರ್ಬೊ ಇಲ್ಲದ ಪೆಟ್ರೋಲ್ ಎಂಜಿನ್ ಕೂಡ ಈ ಎತ್ತರದಲ್ಲಿ ಸುಮಾರು ಹತ್ತರಲ್ಲಿ ಒಂದು ಪಾಲು ಶಕ್ತಿ ಕಳೆದುಕೊಳ್ಳುತ್ತದೆ. ಐದು ಜನ, ಸಾಮಾನು, ಏಸಿ ಎಲ್ಲ ಸೇರಿ ಕಾರು ಏದುಸಿರು ಬಿಡುವುದು ಅದಕ್ಕೇ. ಚಳಿ ಇದ್ದರೂ ಬಿಸಿಲು ಚರ್ಮ ಸುಡುತ್ತದೆ, ಟೋಪಿ ಮರೆಯಬೇಡಿ.

ನಾನೂ ಮಗನೂ ರಸ್ತೆ ಮುಗಿಯುವಲ್ಲಿಂದ ಮುಂದೆ ಒಂದು ಕಾಲುದಾರಿ ಹಿಡಿಯುವುದು ಎಂದಿತ್ತು. 3 ಕಿಲೋಮೀಟರ್ ದೂರ, 300 ಮೀಟರ್ ಏರು. ನಡಿಗೆಯ ಸಮಯ ಲೆಕ್ಕ ಹಾಕಲು ಸ್ಕಾಟ್ಲೆಂಡಿನ ವಿಲಿಯಂ ನೇಸ್ಮಿತ್ 1892ರಲ್ಲಿ ಹೇಳಿದ ಸೂತ್ರ ಒಂದಿದೆ. ಪ್ರತಿ 5 ಕಿಲೋಮೀಟರಿಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಆ ಪ್ರಕಾರ ನಮಗೆ ಒಂದು ಗಂಟೆ ಆರು ನಿಮಿಷ. ಮಗಳೂ ಬರುತ್ತೇನೆ ಎಂದು ಹಠ ಹಿಡಿದಳು. ಎರಡು ಗಂಟೆ ಬೇಕಾಯಿತು. ಚಿಕ್ಕ ಮಕ್ಕಳಿದ್ದರೆ ಸೂತ್ರದ ಸಮಯವನ್ನು ಎರಡು ಪಟ್ಟು ಮಾಡಿಕೊಳ್ಳಿ, ಸುಮಾರಾಗಿ ಸರಿಹೋಗುತ್ತದೆ. ಇಲ್ಲಿ ಕಷ್ಟ ಮೊದಲೇ ಮುಗಿಯುತ್ತದೆ, ವಾಪಸ್ ಇಳಿಜಾರು. ಅದು ಬೆಟ್ಟದ ದೊಡ್ಡ ಗುಣ.

ಮಧ್ಯಾಹ್ನ ಹನ್ನೆರಡಕ್ಕೆ ನೋಟ ಮುಚ್ಚಿಹೋಯಿತು. ಬಿಸಿಲಿಗೆ ಕಾದ ಗಾಳಿ ಇಳಿಜಾರನ್ನು ಹಿಡಿದು ಮೇಲೇರಿ ತಣ್ಣಗಾಗುತ್ತದೆ, ಮೋಡ ಕಟ್ಟುತ್ತದೆ. ತಡವಾಗಿ ಬಂದವರು ಬಿಳಿ ಪರದೆ ನೋಡಿ ಹೋದರು. ಬೆಟ್ಟಕ್ಕೆ ಹೋಗುವುದಿದ್ದರೆ ಬೆಳಗಿನ ನಿದ್ದೆ ಬಿಡಲೇಬೇಕು.

ಇಳಿಯುವಾಗ ನಾನು ಒಂದು ತಪ್ಪು ಮಾಡಿದೆ. ಬ್ರೇಕ್ ಮೇಲೆ ಕಾಲಿಟ್ಟೇ ಇಳಿದೆ. ಅರ್ಧ ದಾರಿಗೆ ಸುಟ್ಟ ವಾಸನೆ ಬಂತು. ಗಾಡಿ ಬದಿಗೆ ನಿಲ್ಲಿಸಿ ಅರ್ಧ ಗಂಟೆ ಆರಲು ಬಿಟ್ಟೆ. ಬ್ರೇಕ್ ಅಂದರೆ ಓಟವನ್ನು ಶಾಖವಾಗಿ ಬದಲಿಸುವುದು. ಆ ಶಾಖ ಹೋಗಲು ಬಿಡುವು ಸಿಗದಿದ್ದರೆ ಪ್ಯಾಡ್ ಹಿಡಿತ ಕಳೆದುಕೊಳ್ಳುತ್ತದೆ, ಬ್ರೇಕ್ ಆಯಿಲ್ ಕುದಿದರೆ ಪೆಡಲ್ ಮೆತ್ತಗಾಗಿ ಕೆಳಗೆ ಹೋಗುತ್ತದೆ. ಹತ್ತಲು ಬಳಸಿದ ಗೇರಿನಲ್ಲೇ ಇಳಿಯಿರಿ, ಎಂಜಿನ್ನೇ ಗಾಡಿಯನ್ನು ಹಿಡಿದುಕೊಳ್ಳುತ್ತದೆ. ಆಟೋಮ್ಯಾಟಿಕ್ ಕಾರುಗಳಲ್ಲೂ ಸಾಮಾನ್ಯವಾಗಿ ಕೆಳಗಿನ ಗೇರ್ ಹಿಡಿದಿಡುವ ಆಯ್ಕೆ ಇರುತ್ತದೆ. ಮನೆಯಿಂದ ಹೊರಡುವ ಮೊದಲೇ ಅದು ಎಲ್ಲಿದೆ ಎಂದು ನೋಡಿಕೊಳ್ಳಿ.

ಪಾರ್ಕ್

ಪಾರ್ಕಿನ ಬಗ್ಗೆ ಬರೆಯಲು ಕಡಿಮೆ ಇದೆ. ತೊಂದರೆ ಏನೂ ಆಗಲಿಲ್ಲವಲ್ಲ. ನಾವು ಹೋಗಿದ್ದು ಮರ, ಕೆರೆ, ಸಮತಟ್ಟಾದ ದಾರಿ ಇರುವ ದೊಡ್ಡ ಪಾರ್ಕು. ಒಂದು ಬದಿಯಲ್ಲಿ ಜಿಂಕೆಗಳಿದ್ದವು. ಶೌಚಾಲಯ ಹತ್ತಿರ, ಬೆಂಚು ಅಲ್ಲಲ್ಲಿ. ಅಮ್ಮ ಕೂರುತ್ತಾ ಏಳುತ್ತಾ ಎರಡು ಕಿಲೋಮೀಟರ್ ನಡೆದರು. ಜಲಪಾತದಲ್ಲಿ ಕಾದು ಕೂತವರು ಇಲ್ಲಿ ಮೊಮ್ಮಗಳ ಕೈ ಹಿಡಿದು ಮುಂದೆ ಹೋಗುತ್ತಿದ್ದರು.

ಮಗ ಮೊದಲ ಅರ್ಧ ಗಂಟೆ ಮುಖ ಗಂಟು ಹಾಕಿಕೊಂಡಿದ್ದ. ಆಮೇಲೆ ಜಿಂಕೆ ಕಂಡಾಗ ಅವನಿಗೆ ಒಂದು ಉಪಾಯ ಹೇಳಿಕೊಟ್ಟೆ. ಕೈ ಪೂರ್ತಿ ಚಾಚಿ, ಒಂದು ಕಣ್ಣು ಮುಚ್ಚಿ, ಹೆಬ್ಬೆರಳು ಎತ್ತಿ ಹಿಡಿ. ಪ್ರಾಣಿ ಇಡೀ ಬೆರಳಿನ ಹಿಂದೆ ಅಡಗಿದರೆ ದೂರ ಸರಿಯಾಗಿದೆ. ಬೆರಳಿನ ಆಚೀಚೆ ಕಂಡರೆ ನೀನು ಜಾಸ್ತಿ ಹತ್ತಿರ ಹೋಗಿದ್ದೀಯ. ಅವತ್ತು ಪೂರ್ತಿ ಅವನೇ ತಂಗಿಯನ್ನು ಹಿಂದಕ್ಕೆ ಕರೆಯುತ್ತಿದ್ದ. ಸುಡು ಬಿಸಿಲಲ್ಲಿ ಪ್ರಾಣಿಗಳು ನೆರಳು ಸೇರಿಬಿಡುತ್ತವೆ. ಬೆಳಗ್ಗೆ ಅಥವಾ ಸಂಜೆ ಹೋದರೇ ಜಾಸ್ತಿ ಕಾಣುವುದು.

ಕಾರನ್ನು ಬಿಸಿಲಲ್ಲಿ ನಿಲ್ಲಿಸಿದ್ದೊಂದು ಎಡವಟ್ಟು. ಮುಚ್ಚಿದ ಕಾರಿನ ಒಳಗೆ ಹತ್ತೇ ನಿಮಿಷದಲ್ಲಿ ಉಷ್ಣತೆ 10 ಡಿಗ್ರಿಯಷ್ಟು ಏರುತ್ತದೆ. ಮಗು ಮಲಗಿದೆ, ಐದು ನಿಮಿಷ ತಾನೇ ಎಂದು ಯಾರೂ ಕಾರಲ್ಲಿ ಬಿಟ್ಟು ಹೋಗಬೇಡಿ, ದಯವಿಟ್ಟು.

ವಾಪಸ್ ದಾರಿಯಲ್ಲಿ ಐದೂ ಜನ ಎಚ್ಚರ ಇದ್ದರು. ಅಮ್ಮ ತಮ್ಮ ಬಾಲ್ಯದ ಕಥೆ ಹೇಳಿದರು, ಮಕ್ಕಳು ಕೇಳಿದರು. ಉಳಿದ ಎರಡು ಟ್ರಿಪ್‌ಗಳಲ್ಲಿ ಇದು ಆಗಲಿಲ್ಲ.

ಮೂರೂ ಒಂದೇ ದಿನ ಮಾಡಿದಾಗ

ಒಂದೇ ದಿಕ್ಕಿನಲ್ಲಿ ಇರುವ ಬೇರೆ ಮೂರು ಜಾಗ ಹುಡುಕಿ ಬೆಳಿಗ್ಗೆ 5ಕ್ಕೆ ಹೊರಟೆವು. ಬೆಟ್ಟ, ಜಲಪಾತ, ಪಾರ್ಕ್. ಮ್ಯಾಪ್ ಒಟ್ಟು ಐದು ಗಂಟೆ ಡ್ರೈವಿಂಗ್ ಎಂದಿತ್ತು. ಏಳೂವರೆ ಆಯಿತು. ಇಕ್ಕಟ್ಟಿನ ಏರಿನಲ್ಲಿ ಹತ್ತುವ ಗಾಡಿಗೆ ದಾರಿ ಬಿಡುತ್ತಾ ನಿಲ್ಲುವುದು, ಮಗಳಿಗಾಗಿ ನಿಲ್ಲುವುದು, ಪಾರ್ಕಿಂಗ್ ಹುಡುಕುವುದು ಮ್ಯಾಪ್‌ಗೆ ಹೇಗೆ ಗೊತ್ತಾಗಬೇಕು? ಎರಡು ಗಂಟೆಗೊಮ್ಮೆ ಹದಿನೈದು ನಿಮಿಷ ನಿಲ್ಲಲೇಬೇಕು ಎಂಬುದು ನನ್ನ ನಿಯಮ, ಅದೂ ಸೇರಿತು. ಪಾರ್ಕ್ ತಲುಪಿದಾಗ ಮುಚ್ಚಲು ಇಪ್ಪತ್ತು ನಿಮಿಷ ಇತ್ತು. ಜಲಪಾತದ ಒದ್ದೆ ಬಟ್ಟೆಯಲ್ಲಿ ಮಗಳು ಅಲ್ಲಿ ಬೆಂಚಿನ ಮೇಲೆ ಮಲಗಿಬಿಟ್ಟಳು. ಮನೆ ಸೇರಿದ್ದು ರಾತ್ರಿ ಹತ್ತೂವರೆಗೆ. ಇದನ್ನು ಇನ್ನೊಮ್ಮೆ ಮಾಡುವುದಿಲ್ಲ.

ಎರಡನ್ನು ಸೇರಿಸಬಹುದು. ಬೆಟ್ಟಕ್ಕೆ ಬೆಳಗು ಬೇಕು, ಪಾರ್ಕಿಗೆ ಸಂಜೆ ಒಪ್ಪುತ್ತದೆ, ಹಾಗಾಗಿ ಇವೆರಡೂ ಜೊತೆಗೆ ಹೊಂದುತ್ತವೆ. ಮೋಡ ಮುಚ್ಚುವ ಮೊದಲೇ ಬೆಟ್ಟ ಇಳಿದು, ಊಟದ ಡಬ್ಬಿಯನ್ನು ಪಾರ್ಕಿನ ನೆರಳಲ್ಲಿ ಬಿಚ್ಚಬಹುದು. ತೂಕಡಿಕೆ ಬರುವ ಹೊತ್ತು ಅಲ್ಲೇ ಹುಲ್ಲಿನ ಮೇಲೆ ಕಳೆಯುತ್ತದೆ. ಆಮೇಲೆ ಡ್ರೈವ್ ಮಾಡುವುದು ಹಗುರ. ಜಲಪಾತದ ಜೊತೆ ಮಾತ್ರ ಏನನ್ನೂ ಸೇರಿಸಬೇಡಿ. ಅದು ಇಡೀ ದಿನವನ್ನು ಕೇಳುತ್ತದೆ, ಮೈಯಲ್ಲಿರುವ ಶಕ್ತಿಯನ್ನೂ ಕೇಳುತ್ತದೆ.

ಹತ್ತು ವರ್ಷದೊಳಗಿನ ಮಕ್ಕಳೂ ಎಪ್ಪತ್ತು ದಾಟಿದವರೂ ಒಂದೇ ಕಾರಿನಲ್ಲಿದ್ದು, ಒಂದನ್ನೇ ಆರಿಸಿ ಎಂದರೆ ನಾನು ಪಾರ್ಕ್ ಎನ್ನುತ್ತೇನೆ. ಮಕ್ಕಳು ದೊಡ್ಡವರಿದ್ದು ಯಾರಿಗೂ ತಿರುವಿನ ರಸ್ತೆ ತೊಂದರೆ ಕೊಡದಿದ್ದರೆ ಬೆಟ್ಟ. ಜಲಪಾತಕ್ಕೆ ಹೋಗುವ ಮುಂಚೆ ಮೆಟ್ಟಿಲು ಎಷ್ಟಿದೆ, ಮೇಲಿನಿಂದ ನೋಡುವ ಕಟ್ಟೆ ಇದೆಯಾ ಎಂದು ವಿಚಾರಿಸಿಕೊಳ್ಳಿ. ಕಟ್ಟೆ ಇದ್ದರೆ ಇಳಿಯದೆಯೂ ಚೆನ್ನಾಗಿರುತ್ತದೆ. ಮುಂದಿನ ಸಲ ನಾವು ಅದೇ ಜಲಪಾತಕ್ಕೆ ಮತ್ತೆ ಹೋಗುತ್ತೇವೆ. ಈ ಸಲ ಮಗಳೂ ನಾನೂ ಇಳಿಯುವುದಿಲ್ಲ, ಮಧ್ಯಾಹ್ನದ ಹೊತ್ತು ಕಟ್ಟೆಯ ಮೇಲೆ ಅಮ್ಮನ ಪಕ್ಕ ಕೂತು ಆ ಕಾಮನಬಿಲ್ಲು ನೋಡುತ್ತೇವೆ.