ಸ್ವಂತ ಚೆಸ್ ಎಂಜಿನ್‌ನ ಬಲ ಅಳೆಯೋದು: ನಾಲ್ಕು ದಾರಿ ಹಿಡಿದು ನೋಡಿದೆ

ಚೆಸ್ ಎಂಜಿನ್ ಅಂದರೆ ಚೆಸ್ ಆಡುವ ಪ್ರೋಗ್ರಾಂ, ಎಲೋ ಅಂದರೆ ಆಟದ ಬಲ ಹೇಳುವ ಅಂಕಿ. "ನನ್ನ ಎಂಜಿನ್ 2000 ಎಲೋ" ಅಂತ ಯಾರಾದರೂ ಹೇಳಿದರೆ ನಾನು ಮೊದಲು ಕೇಳುವುದು, ಯಾರ ಎದುರು, ಎಷ್ಟು ಆಟ? ಎದುರಾಳಿ ಯಾರು ಅಂತ ಹೇಳದೆ ಎಲೋ ಹೇಳಿದರೆ ಅದಕ್ಕೆ ಅರ್ಥವೇ ಇಲ್ಲ. ನನ್ನ ಎಂಜಿನ್‌ನ ಹಳೇ ಮತ್ತು ಹೊಸ ಆವೃತ್ತಿಗಳನ್ನು ನಾಲ್ಕು ರೀತಿ ಅಳೆದು ನೋಡಿದೆ.

ಮೊದಲು 300 ಸ್ಥಾನಗಳ ಡಬ್ಲ್ಯೂಎಸಿ (ವಿನ್ ಅಟ್ ಚೆಸ್) ಪರೀಕ್ಷೆ, ಅಂದರೆ ಪ್ರತಿ ಸ್ಥಾನದಲ್ಲೂ ಗೆಲ್ಲುವ ಹೊಡೆತ ಹುಡುಕುವ ಒಗಟುಗಳು. ಬೇಗ ಮುಗಿಯುತ್ತದೆ, ದೋಷಗಳೂ ಸಿಗುತ್ತವೆ. ಆದರೆ ಹೊಸ ಆವೃತ್ತಿ ಚೆಕ್ ಬಂದಾಗಲೆಲ್ಲ ಇನ್ನೂ ಆಳಕ್ಕೆ ಹುಡುಕುತ್ತಿತ್ತು, ಹಾಗಾಗಿ ಇಲ್ಲಿ ಜಾಸ್ತಿ ಅಂಕ ತೆಗೆಯಿತು. ಶಾಂತವಾದ ಸ್ಥಾನದಲ್ಲಿ ಒಳ್ಳೆಯ ನಡೆ ಹುಡುಕುತ್ತದಾ ಅನ್ನೋದು ಇದರಿಂದ ಗೊತ್ತಾಗುವುದಿಲ್ಲ.

ಆಮೇಲೆ ಎರಡನ್ನೂ 50 ಆಟ ಆಡಿಸಿದೆ, ಪ್ರತಿ ನಡೆಗೂ ಒಂದೇ ಆಳ (ಎಷ್ಟು ನಡೆ ಮುಂದೆ ನೋಡಬೇಕು ಅನ್ನೋದು), ಓಪನಿಂಗ್ ಪುಸ್ತಕ, ಅಂದರೆ ಆರಂಭದ ನಡೆಗಳ ಪಟ್ಟಿ, ಇಲ್ಲ. ಹೊಸದಕ್ಕೆ 37.5 ಅಂಕ! ಲೆಕ್ಕ ಹಾಕಿದರೆ ಸುಮಾರು 190 ಎಲೋ ಮೇಲೆ. ಖುಷಿಯಿಂದ ಆಟಗಳ ಫೈಲ್ ತೆರೆದೆ. ಬಿಳಿ ಹಿಡಿದ 25 ಆಟವೂ ಕೊನೆಯ ನಡೆಯವರೆಗೆ ಒಂದೇ, ಕಪ್ಪು ಹಿಡಿದ 25 ಕೂಡ ಹಾಗೇ. ಆರಂಭವೂ ಆಳವೂ ಬದಲಾಗದಿದ್ದರಿಂದ ಪ್ರತಿ ಸಲ ಅದೇ ನಡೆಗಳು ಬಂದಿದ್ದವು. ಒಂದು ಗೆಲುವು, ಒಂದು ಡ್ರಾ, ಅದನ್ನೇ 25 ಸಲ ಎಣಿಸಿದ್ದೆ. ಇಂಥ ಅಂಕಿ ಹೇಳುವವರು ಸುಳ್ಳು ಹೇಳುತ್ತಿರುವುದಿಲ್ಲ, ಆಟಗಳನ್ನು ತೆರೆದು ನೋಡಿರುವುದಿಲ್ಲ ಅಷ್ಟೇ.

ಮೂರನೆಯದು ತುಂಬಾ ಬಲವಾದ ಎಂಜಿನ್ ಸ್ಟಾಕ್‌ಫಿಶ್ ಎದುರು, ಅದರ ಬಲ ಮಿತಿಗೊಳಿಸಿ. ಒಂದು ಅಂದಾಜು ಸಿಗುತ್ತದೆ, ಆದರೆ ಅದು ಬೇಕಂತಲೇ ಕೆಟ್ಟ ನಡೆ ಆಡುತ್ತದೆ. ಅದರ ಎದುರಿನ ಅಂಕದ ಮೇಲೆ ನನಗೆ ಅಷ್ಟು ನಂಬಿಕೆ ಇಲ್ಲ.

ನನಗೆ ಒಪ್ಪಿಗೆಯಾಗಿದ್ದು ನಾಲ್ಕನೆಯದು. ಬೇರೆ ಬೇರೆ ಓಪನಿಂಗ್‌ಗಳು, ಪ್ರತಿಯೊಂದನ್ನೂ ಬಣ್ಣ ಬದಲಿಸಿ ಎರಡು ಸಲ, ಎರಡಕ್ಕೂ ಒಂದೇ ಸಮಯ, ಎಂಜಿನ್‌ಗಳನ್ನು ಪರಸ್ಪರ ಆಡಿಸುವ ಕ್ಯೂಟ್‌ಚೆಸ್ ಪ್ರೋಗ್ರಾಂನಲ್ಲಿ ರಾತ್ರಿಯಿಡೀ. 20 ಆಟದಲ್ಲಿ 12.5 ಅಂಕ ಬಂದರೆ ಸುಮಾರು 89 ಎಲೋ ಮೇಲೆ ಅಂತ ಕಾಣಿಸುತ್ತದೆ, ಆದರೆ ನಿಜವಾದದ್ದು ಮೈನಸ್ 40ರಿಂದ ಪ್ಲಸ್ 250ರವರೆಗೆ ಎಲ್ಲಿ ಬೇಕಾದರೂ ಇರಬಹುದು. 1000 ಆಟ ಆದ ಮೇಲೆ ಈ ಏರುಪೇರು ಆಚೀಚೆ ಸುಮಾರು 20 ಎಲೋಗೆ ಇಳಿಯುತ್ತದೆ. ಅಷ್ಟು ಆಡಿಸಿದ ಮೇಲೆ ನನ್ನ ಎರಡು ಆವೃತ್ತಿಗಳ ನಡುವೆ ವ್ಯತ್ಯಾಸವೇ ಕಾಣಲಿಲ್ಲ.

ಇಲ್ಲೂ ಒಂದು ಎಚ್ಚರ ಬೇಕು: ತನ್ನದೇ ಹಳೇ ಆವೃತ್ತಿಯ ಎದುರು ಬಂದ ವ್ಯತ್ಯಾಸ ಬೇರೆ ಎಂಜಿನ್‌ಗಳ ಎದುರು ಸಾಮಾನ್ಯವಾಗಿ ಕಮ್ಮಿಯಾಗುತ್ತದೆ. ಹಾಗಾಗಿ ಈಗ ನಾನು ಬಲ ಗೊತ್ತಿರುವ ಐದಾರು ಎಂಜಿನ್‌ಗಳ ಜೊತೆಗೂ ಆಡಿಸುತ್ತೇನೆ, ಅಂಕದ ಪಕ್ಕದಲ್ಲೇ ಆಟಗಳ ಸಂಖ್ಯೆ, ಸಮಯ ಮತ್ತು ಏರುಪೇರು ಬರೆಯುತ್ತೇನೆ.