ಇಚ್ಛಾಸ್ವಾತಂತ್ರ್ಯದ ವಾದಕ್ಕೆ ಇಳಿಯುವ ಮುನ್ನ ತೆರೆಯಬೇಕಾದ ವಿಶ್ವಕೋಶ

"ಅವನಿಗೆ ಬೇರೆ ದಾರಿಯೇ ಇರಲಿಲ್ಲ, ಅವನದೇನೂ ತಪ್ಪಿಲ್ಲ" ಎಂದು ಒಬ್ಬರು. "ದಾರಿ ಇತ್ತು, ಅವನು ಹಿಡಿಯಲಿಲ್ಲ ಅಷ್ಟೆ" ಎಂದು ಇನ್ನೊಬ್ಬರು. ಹತ್ತು ನಿಮಿಷದಲ್ಲಿ ಮಾತು ಮಿದುಳು, ಪರಮಾಣು, ಹಣೆಬರಹ ಎಲ್ಲವನ್ನೂ ಸುತ್ತಿ ಹೊರಟಲ್ಲಿಗೇ ಬಂದು ನಿಲ್ಲುತ್ತದೆ. "ದಾರಿ ಇರುವುದು" ಎಂಬ ಮಾತನ್ನು ಇಬ್ಬರೂ ಬೇರೆ ಬೇರೆ ಅರ್ಥದಲ್ಲಿ ಬಳಸುತ್ತಿದ್ದಾರೆ ಎಂಬುದು ಇಬ್ಬರಿಗೂ ಹೊಳೆದಿರುವುದಿಲ್ಲ. ಇಂಥ ಗಂಟು ಎಲ್ಲಿ ಬಿದ್ದಿದೆ ಎಂದು ಬೆರಳಿಟ್ಟು ತೋರಿಸುವುದರಲ್ಲಿ ಸ್ಟ್ಯಾನ್‌ಫೋರ್ಡ್ ಎನ್‌ಸೈಕ್ಲೋಪೀಡಿಯ ಆಫ್ ಫಿಲಾಸಫಿ ಎಂಬ ತತ್ತ್ವಶಾಸ್ತ್ರದ ವಿಶ್ವಕೋಶವನ್ನು ಮೀರಿಸುವ ಉಚಿತ ಜಾಲತಾಣ ಇಲ್ಲ. ಆದರೆ ಅದನ್ನು ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಓದಲು ಹೊರಟವರು ಅರ್ಧಕ್ಕೇ ಕೈಬಿಡುತ್ತಾರೆ. ಅದಕ್ಕೆ ಬೇರೆಯದೇ ಓದಿನ ಕ್ರಮ ಬೇಕು.

ಇದು 1995ರಲ್ಲಿ ಎಡ್ವರ್ಡ್ ಝಾಲ್ಟಾ ಅವರ ಸಂಪಾದಕತ್ವದಲ್ಲಿ ಆರಂಭವಾಯಿತು. ಪ್ರತಿ ಲೇಖನವನ್ನೂ ಆ ವಿಷಯದಲ್ಲಿ ಕೆಲಸ ಮಾಡಿದ ವಿದ್ವಾಂಸರು ಬರೆಯುತ್ತಾರೆ, ಬೇರೆ ವಿದ್ವಾಂಸರು ಪರಿಶೀಲಿಸುತ್ತಾರೆ, ಆಮೇಲೆ ಪ್ರಕಟವಾಗುತ್ತದೆ. ಬರೆದವರೇ ಅದನ್ನು ಕಾಲಕಾಲಕ್ಕೆ ಪರಿಷ್ಕರಿಸಬೇಕು. ಲೇಖನದ ತಲೆಯಲ್ಲೇ ಎರಡು ದಿನಾಂಕಗಳಿರುತ್ತವೆ: ಮೊದಲು ಪ್ರಕಟವಾದದ್ದು, ಕೊನೆಯ ಬಾರಿ ಗಣನೀಯವಾಗಿ ತಿದ್ದಿದ್ದು. ಎರಡನೆಯದನ್ನು ನೋಡದೆ ಓದಲು ಶುರುಮಾಡಬೇಡಿ. ಕಾರಣ ಮುಂದೆ ಬರುತ್ತದೆ.

ಮೊದಲು ಇಚ್ಛಾಸ್ವಾತಂತ್ರ್ಯ. ವಿಶ್ವಕೋಶದ ಬಲ ಅತಿ ಹೆಚ್ಚು ಕಾಣುವುದು ಇಲ್ಲೇ. "ಫ್ರೀ ವಿಲ್" ಲೇಖನದ ಮೊದಲ ಭಾಗ ಪ್ರಾಚೀನ ಗ್ರೀಕರಿಂದ ಹಿಡಿದು ಇಪ್ಪತ್ತನೆಯ ಶತಮಾನದವರೆಗಿನ ಇತಿಹಾಸ. ಚೆನ್ನಾಗಿದೆ, ಆದರೆ ಮೊದಲ ಓದಿಗೆ ಬೇಡ. ನೇರವಾಗಿ ಎರಡನೇ ಭಾಗಕ್ಕೆ ಹೋಗಿ. ಅಲ್ಲಿ ಎರಡು ಕಲ್ಪನೆಗಳನ್ನು ಬಿಡಿಸಿಡಲಾಗಿದೆ: ಬೇರೆ ಥರ ಮಾಡಬಲ್ಲ ಸಾಮರ್ಥ್ಯ ಒಂದು, ಕ್ರಿಯೆಯ ಮೂಲ ನಾನೇ ಆಗಿರುವುದು ಇನ್ನೊಂದು. ಮೇಲೆ ಹೇಳಿದ ಜಗಳದಲ್ಲಿ "ದಾರಿ" ಎಂದಾಗ ಒಬ್ಬರು ಮೊದಲನೆಯದನ್ನು, ಇನ್ನೊಬ್ಬರು ಎರಡನೆಯದನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದಾರೆ. ಇಷ್ಟು ಗೊತ್ತಾದರೆ ಅರ್ಧ ಗದ್ದಲ ಅಡಗುತ್ತದೆ.

ಆಮೇಲೆ ಓದಬೇಕಾದದ್ದು ನಿಯತಿವಾದದ ಲೇಖನ, "ಕಾಸಲ್ ಡಿಟರ್ಮಿನಿಸಂ". ಇದನ್ನು ಹಾರಿಸಿ ಮುಂದೆ ಹೋದವರು ನಿಯತಿವಾದವನ್ನೂ ಹಣೆಬರಹವನ್ನೂ ಒಂದೇ ಎಂದುಕೊಳ್ಳುತ್ತಾರೆ. ಎರಡೂ ಬೇರೆ. ಹಣೆಬರಹ ಎಂದರೆ ನೀವು ಏನೇ ಮಾಡಿ, ಆಗುವುದು ಆಗಿಯೇ ತೀರುತ್ತದೆ ಎಂಬ ನಂಬಿಕೆ. ನಿಯತಿವಾದ ಹೇಳುವುದು ಹಾಗಲ್ಲ: ಒಂದು ಕ್ಷಣದ ಜಗತ್ತಿನ ಸ್ಥಿತಿ ಮತ್ತು ನಿಸರ್ಗ ನಿಯಮಗಳು ಸೇರಿದರೆ ಮುಂದಿನದೆಲ್ಲ ನಿಗದಿಯಾಗುತ್ತದೆ, ಮತ್ತು ಆ ನಿಗದಿ ನಿಮ್ಮ ಯೋಚನೆ, ತೀರ್ಮಾನಗಳ ಮೂಲಕವೇ ಹಾದುಹೋಗುತ್ತದೆ. ಔಷಧಿ ಕುಡಿದರೂ ಬಿಟ್ಟರೂ ಒಂದೇ ಎನ್ನುವುದು ಹಣೆಬರಹದ ಮಾತು. ನಿಯತಿವಾದಿಯ ಲೆಕ್ಕದಲ್ಲಿ ಔಷಧಿ ಕುಡಿದದ್ದೇ ಗುಣವಾಗುವುದಕ್ಕೆ ಕಾರಣ.

ಮೂರನೆಯದಾಗಿ ಹೊಂದಾಣಿಕೆವಾದದ ಲೇಖನ, "ಕಂಪ್ಯಾಟಿಬಿಲಿಸಂ". ನಿಯತಿವಾದ ನಿಜವಾಗಿದ್ದರೂ ಇಚ್ಛಾಸ್ವಾತಂತ್ರ್ಯ ಉಳಿಯುತ್ತದೆ ಎಂಬ ಪಕ್ಷ ಇದು. ಚರ್ಚೆಯನ್ನು ಬದಲಿಸಿದ ಮೂರು ತಿರುವುಗಳನ್ನು ಲೇಖನ ಎತ್ತಿಕೊಳ್ಳುತ್ತದೆ: 1962ರ ಪೀಟರ್ ಸ್ಟ್ರಾಸನ್ ಪ್ರಬಂಧ, 1969ರ ಹ್ಯಾರಿ ಫ್ರಾಂಕ್‌ಫರ್ಟ್ ಪ್ರಬಂಧ, ಮತ್ತು ಪೀಟರ್ ವಾನ್ ಇನ್ವಾಗನ್ 1983ರಲ್ಲಿ ವಿಸ್ತಾರವಾಗಿ ಮಂಡಿಸಿದ ಪರಿಣಾಮ ವಾದ. ಕೊನೆಯದು ಹೊಂದಾಣಿಕೆವಾದಕ್ಕೆ ಬಿದ್ದ ದೊಡ್ಡ ಪೆಟ್ಟು. ಹಾಗಿದ್ದೂ ಲೇಖನ ಅದನ್ನು ಅದರ ಪೂರ್ಣ ಬಲದಲ್ಲೇ ಮುಂದಿಡುತ್ತದೆ. ಪೂರ್ವಪಕ್ಷವನ್ನು ಮೊದಲು ಗಟ್ಟಿಯಾಗಿ ನಿಲ್ಲಿಸಿ ಆಮೇಲೆ ಉತ್ತರ ಕೊಡುವ ಶಿಸ್ತು ಈ ವಿಶ್ವಕೋಶದ ಬಹುಪಾಲು ಲೇಖನಗಳಲ್ಲಿದೆ. ಅದಕ್ಕಾಗಿಯೇ ಇದು ಬೇರೆ ಆಕರಗಳಿಗಿಂತ ಮೇಲು.

ಪರಿಣಾಮ ವಾದದ ಕಟ್ಟು ಹೀಗಿದೆ. ನಿಯತಿವಾದ ನಿಜವಾದರೆ ನಮ್ಮ ಕ್ರಿಯೆಗಳು ದೂರದ ಭೂತಕಾಲ ಮತ್ತು ನಿಸರ್ಗ ನಿಯಮಗಳ ಪರಿಣಾಮ. ನಾವು ಹುಟ್ಟುವ ಮೊದಲು ಆದದ್ದು ನಮ್ಮ ಕೈಲಿಲ್ಲ. ನಿಸರ್ಗ ನಿಯಮಗಳೂ ನಮ್ಮ ಕೈಲಿಲ್ಲ. ಆದ್ದರಿಂದ ಅವುಗಳ ಪರಿಣಾಮವಾದ ನಮ್ಮ ಕ್ರಿಯೆಗಳೂ ನಮ್ಮ ಕೈಲಿಲ್ಲ. ಕೇಳಿದಾಗ ಬಿರುಕೇ ಕಾಣುವುದಿಲ್ಲ. ಹೆಚ್ಚಿನವರು ದಾಳಿ ಮಾಡುವುದು ಭೂತಕಾಲ ಅಥವಾ ನಿಯಮಗಳ ಹೆಜ್ಜೆಯ ಮೇಲೆ. ಆದರೆ ತಾಂತ್ರಿಕವಾಗಿ ತೆಳುವಾದ ಜಾಗ "ಆದ್ದರಿಂದ" ಎಂಬ ಕೊಂಡಿ. "ನಮ್ಮ ಕೈಲಿಲ್ಲ" ಎಂಬ ಗುಣ ಕಾರಣದಿಂದ ಪರಿಣಾಮಕ್ಕೆ ದಾಟುತ್ತದೆ ಎಂದು ಅದು ಒಪ್ಪಿಕೊಂಡಿರುತ್ತದೆ.

ಈ ಕೊಂಡಿಗೆ 1996ರಲ್ಲಿ ಮೆಕೇ ಮತ್ತು ಜಾನ್ಸನ್ ಎಂಬ ತಾತ್ತ್ವಿಕರು ಒಂದು ನಾಣ್ಯ ಹಿಡಿದು ಪೆಟ್ಟು ಕೊಟ್ಟರು. ನಾಣ್ಯ ಕೈಯಲ್ಲಿದೆ, ಚಿಮ್ಮಲಿಲ್ಲ. ಅದು ತಲೆ ಮೇಲಾಗಿ ಬೀಳಲಿಲ್ಲ. ಹಾಗೆ ಬೀಳದಿರುವುದು ನನ್ನ ಕೈಲಿತ್ತೇ? ಇಲ್ಲ. ಚಿಮ್ಮಿದ್ದರೂ ತಲೆಯೇ ಬರುವಂತೆ ಮಾಡಲು ನನ್ನಿಂದಾಗುತ್ತಿರಲಿಲ್ಲ. ಬಾಲದ ಮಾತೂ ಅಷ್ಟೇ. ಈಗ ಎರಡನ್ನೂ ಸೇರಿಸಿ: "ತಲೆಯೂ ಬೀಳಲಿಲ್ಲ, ಬಾಲವೂ ಬೀಳಲಿಲ್ಲ." ಇದು ಖಂಡಿತ ನನ್ನ ಕೈಲಿತ್ತು. ಚಿಮ್ಮಿದ್ದರೆ ಎರಡರಲ್ಲಿ ಒಂದು ಬಿದ್ದೇ ಬೀಳುತ್ತಿತ್ತು. ಅಂದರೆ ಕೈಲಿಲ್ಲದ ಎರಡು ಸಂಗತಿ ಸೇರಿ ಕೈಲಿರುವ ಒಂದು ಸಂಗತಿ ಆಯಿತು. "ಕೈಲಿಲ್ಲ" ಎಂಬುದು ದಾಟುತ್ತದೆ ಎನ್ನುವ ಆ ಕೊಂಡಿಯ ನಿಯಮದ ಪ್ರಕಾರ ಹೀಗಾಗಬಾರದಿತ್ತು. ವಾನ್ ಇನ್ವಾಗನ್ ಈ ಆಕ್ಷೇಪವನ್ನು ಒಪ್ಪಿ 2000ದಲ್ಲಿ ನಿಯಮವನ್ನೇ ತಿದ್ದಿ ವಾದವನ್ನು ಮತ್ತೆ ಕಟ್ಟಿದರು. ಇದರಿಂದ ವಾದ ಸತ್ತಿತು ಎಂದುಕೊಳ್ಳುವುದು ತಪ್ಪು. ಸತ್ತದ್ದು ಅದರ ಒಂದು ರೂಪ ಮಾತ್ರ.

ಫ್ರಾಂಕ್‌ಫರ್ಟ್ ತಮ್ಮ 1969ರ ಪ್ರಬಂಧದಲ್ಲಿ ಕೊಟ್ಟ ಉದಾಹರಣೆಯಲ್ಲೂ ಇದೇ ಎಚ್ಚರ ಬೇಕು. ಬ್ಲ್ಯಾಕ್ ಎಂಬುವನಿಗೆ ಜೋನ್ಸ್ ಒಂದು ಕೆಲಸ ಮಾಡಬೇಕು ಎಂದಿದೆ. ಜೋನ್ಸ್ ಮನಸ್ಸು ಬದಲಿಸುವ ಲಕ್ಷಣ ಕಂಡರೆ ಮಾತ್ರ ಬ್ಲ್ಯಾಕ್ ಕೈಹಾಕಿ ಮಾಡಿಸುತ್ತಾನೆ. ಜೋನ್ಸ್ ತಾನಾಗಿಯೇ ಮಾಡಿಬಿಡುತ್ತಾನೆ, ಬ್ಲ್ಯಾಕ್ ಸುಮ್ಮನಿರುತ್ತಾನೆ. ಬೇರೆ ಥರ ಮಾಡಲು ಸಾಧ್ಯವಿರಲಿಲ್ಲ, ಆದರೂ ಹೊಣೆ ಜೋನ್ಸ್‌ನದೇ. ಇಷ್ಟು ಓದಿ "ಮುಗಿಯಿತು, ಆಯ್ಕೆ ಬೇಕಿಲ್ಲ" ಎಂದು ಎದ್ದುಹೋಗುವವರೇ ಹೆಚ್ಚು. ಅದರ ಮುಂದಿನ ಪ್ರಶ್ನೆಯನ್ನೂ ಓದಬೇಕು: ಬ್ಲ್ಯಾಕ್ ನೋಡುವ ಆ ಲಕ್ಷಣ ಜೋನ್ಸ್‌ನ ತೀರ್ಮಾನವನ್ನು ಖಚಿತವಾಗಿ ಸೂಚಿಸುತ್ತದೆಯೇ? ಹೌದಾದರೆ ನಿಯತಿವಾದವನ್ನು ಮೊದಲೇ ಒಳಗೆ ಸೇರಿಸಿಕೊಂಡಂತಾಯಿತು, ಎದುರಾಳಿ ಒಪ್ಪುವುದಿಲ್ಲ. ಅಲ್ಲವಾದರೆ ಜೋನ್ಸ್‌ಗೆ ಕೊನೆಯ ಗಳಿಗೆಯಲ್ಲಿ ಬೇರೆ ಥರ ತೀರ್ಮಾನಿಸುವ ಅವಕಾಶ ಉಳಿದೇ ಇತ್ತು. ಇಂದಿನ ಚರ್ಚೆಯ ದೊಡ್ಡ ಪಾಲು ಈ ಇಕ್ಕಟ್ಟಿನಿಂದ ಹೊರಬರುವ ಪ್ರಯತ್ನವೇ.

ನರವಿಜ್ಞಾನಿ ಬೆಂಜಮಿನ್ ಲಿಬೆಟ್ ಅವರ 1983ರ ಪ್ರಯೋಗದ ಬಗ್ಗೆಯೂ ಒಂದು ಮಾತು, ಏಕೆಂದರೆ ಎಲ್ಲ ವಾದದಲ್ಲೂ ಅದು ಬಂದೇ ಬರುತ್ತದೆ. ಮನಸ್ಸಾದಾಗ ಮಣಿಕಟ್ಟು ಅಲುಗಿಸಿ ಎಂದು ಜನರಿಗೆ ಹೇಳಲಾಗಿತ್ತು. ಕೈ ಅಲುಗುವ ಸುಮಾರು 550 ಮಿಲಿಸೆಕೆಂಡ್ ಮೊದಲೇ ಮಿದುಳಿನಲ್ಲಿ ಸಿದ್ಧತೆಯ ಸಂಕೇತ ಏಳುತ್ತದೆ. ಅಲುಗಿಸಬೇಕು ಎಂಬ ಅರಿವು ಬಂದದ್ದಾಗಿ ಜನ ಹೇಳುವುದು ಸುಮಾರು 200 ಮಿಲಿಸೆಕೆಂಡ್ ಮೊದಲು. "ಹಾಗಾದರೆ ತೀರ್ಮಾನಿಸಿದ್ದು ಮಿದುಳು, ನಾನಲ್ಲ" ಎಂದು ಹೇಳಲು ಇಷ್ಟು ಸಾಲದು. ಆ ಸಂಕೇತ ತೀರ್ಮಾನವೇ, ಒಲವೇ, ಇಲ್ಲ ಮಿದುಳಿನ ಸಹಜ ಏರಿಳಿತವೇ ಎಂಬುದು ಮೊದಲು ಇತ್ಯರ್ಥವಾಗಬೇಕು. ಏರಿಳಿತವೇ ಇರಬಹುದು ಎಂಬ ಮಾದರಿಯನ್ನು 2012ರಲ್ಲಿ ಆರನ್ ಶರ್ಗರ್ ಮತ್ತು ಸಂಗಡಿಗರು ಮುಂದಿಟ್ಟರು. ಕಾರಣವಿಲ್ಲದೆ ಮಣಿಕಟ್ಟು ಅಲುಗಿಸುವುದಕ್ಕೂ, ಹೊಣೆ ಹೊರಬೇಕಾದ ಯೋಚಿಸಿ ಮಾಡಿದ ಕೆಲಸಕ್ಕೂ ದೂರ ಬಹಳ ಎಂಬುದು ಬೇರೆ ಮಾತು.

ಪ್ರಜ್ಞೆಯ ವಿಭಾಗಕ್ಕೆ ಬಂದರೆ ಇಷ್ಟೇ ಧಾರಾಳವಾಗಿ ಹೊಗಳಲಾಗುವುದಿಲ್ಲ. "ಕಾನ್ಷಸ್‌ನೆಸ್" ಎಂಬ ಮುಖ್ಯ ಲೇಖನ 2004ರಲ್ಲಿ ಬಂದು 2014ರಲ್ಲಿ ಗಣನೀಯ ಪರಿಷ್ಕರಣೆ ಕಂಡದ್ದು. ಅದರ ಚೌಕಟ್ಟು ಈಗಲೂ ಅತ್ಯುತ್ತಮ: ಪ್ರಜ್ಞೆಯ ಲಕ್ಷಣಗಳೇನು, ಅದು ಇರುವುದು ಹೇಗೆ ಸಾಧ್ಯ, ಇರುವುದು ಯಾಕೆ ಎಂಬ ಮೂರು ಪ್ರಶ್ನೆ. ಎರಡನೇ ಭಾಗದಲ್ಲಿ ಆ ಪದದ ಅರ್ಥಗಳನ್ನು ಬಿಡಿಸಿರುವ ರೀತಿಯನ್ನು ಎರಡು ಸಲ ಓದಬೇಕು. ಎಚ್ಚರವಾಗಿರುವುದು, ತನ್ನ ಬಗ್ಗೆ ಅರಿವಿರುವುದು, ಮಾಹಿತಿ ಯೋಚನೆಗೂ ಮಾತಿಗೂ ದಕ್ಕುವುದು, ಅನುಭವಕ್ಕೆ ಒಂದು ರುಚಿ ಇರುವುದು: ಇವೆಲ್ಲ ಬೇರೆ ಬೇರೆ. ಯಂತ್ರಗಳಿಗೆ ಪ್ರಜ್ಞೆ ಇದೆಯೇ ಎಂಬ ವಾದದಲ್ಲಿ ಒಬ್ಬರು ಮೂರನೆಯ ಅರ್ಥದಲ್ಲಿ "ಹೌದು" ಎಂದರೆ ಇನ್ನೊಬ್ಬರು ನಾಲ್ಕನೆಯ ಅರ್ಥದಲ್ಲಿ "ಇಲ್ಲ" ಎನ್ನುತ್ತಾರೆ. ಇಬ್ಬರೂ ಸರಿ ಇರಬಹುದು.

ಕೊರತೆ ಇರುವುದು ಒಂಬತ್ತನೇ ಭಾಗದಲ್ಲಿ, ನಿರ್ದಿಷ್ಟ ಸಿದ್ಧಾಂತಗಳ ಪಟ್ಟಿಯಲ್ಲಿ. 1998ರಲ್ಲಿ ನರವಿಜ್ಞಾನಿ ಕ್ರಿಸ್ಟೋಫ್ ಕಾಕ್ ಮತ್ತು ತಾತ್ತ್ವಿಕ ಡೇವಿಡ್ ಚಾಮರ್ಸ್ ಕಟ್ಟಿದ ಪಂದ್ಯ (25 ವರ್ಷದಲ್ಲಿ ಪ್ರಜ್ಞೆಯ ನರವೈಜ್ಞಾನಿಕ ಗುರುತು ಸ್ಪಷ್ಟವಾಗಿ ಸಿಗುತ್ತದೆಯೇ ಎಂಬುದು) 2023ರಲ್ಲಿ ಮುಗಿದು ಕಾಕ್ ಸೋಲೊಪ್ಪಿದರು. ಎರಡು ಪ್ರತಿಸ್ಪರ್ಧಿ ಸಿದ್ಧಾಂತಗಳನ್ನು ಒಂದೇ ಪ್ರಯೋಗದಲ್ಲಿ ಎದುರುಬದುರು ನಿಲ್ಲಿಸಿದ ಫಲಿತಾಂಶವೂ ಆಗಲೇ ಹೊರಬಂತು. 2014ರ ಪಠ್ಯದಲ್ಲಿ ಇದ್ಯಾವುದೂ ಇರಲು ಸಾಧ್ಯವಿಲ್ಲ. ಹಾಗಾಗಿ ಮುಖ್ಯ ಲೇಖನದಿಂದ ಅರ್ಥಗಳನ್ನೂ ಪ್ರಶ್ನೆಗಳನ್ನೂ ಮಾತ್ರ ತೆಗೆದುಕೊಳ್ಳಿ. ಸಿದ್ಧಾಂತಗಳಿಗೆ ಬಿಡಿ ಲೇಖನಗಳನ್ನು ತೆರೆಯಿರಿ, ಪ್ರತಿಯೊಂದರ ಪರಿಷ್ಕರಣೆಯ ದಿನಾಂಕ ನೋಡಿ.

ಬಿಡಿ ಲೇಖನಗಳಲ್ಲಿ "ಝಾಂಬೀಸ್" ಮೊದಲು. ನಮ್ಮಂತೆಯೇ ಕಣಕಣವೂ ಇದ್ದು ಒಳಗೆ ಅನುಭವವೇ ಇಲ್ಲದ ಜೀವಿಯನ್ನು ಕಲ್ಪಿಸಬಹುದು, ಕಲ್ಪಿಸಬಹುದಾದದ್ದು ಸಾಧ್ಯ, ಸಾಧ್ಯವಾದರೆ ಭೌತವಾದ (ಇರುವುದೆಲ್ಲ ಭೌತಿಕವೇ ಎಂಬ ಪಕ್ಷ) ಸುಳ್ಳು. ಇದಕ್ಕೆ "ಅಂಥ ಜೀವಿ ಎಲ್ಲೂ ಇಲ್ಲವಲ್ಲ" ಎಂದು ಉತ್ತರಿಸುವುದು ಗುರಿ ತಪ್ಪಿದ ಬಾಣ. ಇದೆ ಎಂದು ಯಾರೂ ಹೇಳಿಲ್ಲ. ಹೊಡೆಯಬೇಕಾದದ್ದು ಮೊದಲ ಹೆಜ್ಜೆಗೆ (ನಿಜಕ್ಕೂ ಕಲ್ಪಿಸಿದ್ದೀರಾ?) ಅಥವಾ ಎರಡನೆಯದಕ್ಕೆ. ನೀರು ಎಚ್‌ಟೂಓ ಅಲ್ಲ ಎಂದು ಒಬ್ಬರು ಕಲ್ಪಿಸಿಕೊಳ್ಳಬಹುದು, ಅದರಿಂದ ಅದು ಸಾಧ್ಯವಾಗುವುದಿಲ್ಲ. ಇದರ ಜೊತೆಗೆ ಫ್ರಾಂಕ್ ಜಾಕ್ಸನ್ 1982ರಲ್ಲಿ ತಂದ ಮೇರಿಯ ಕಥೆ (ಬಣ್ಣದ ಭೌತಿಕ ಸಂಗತಿಗಳೆಲ್ಲ ಗೊತ್ತಿದ್ದೂ ಕಪ್ಪು-ಬಿಳುಪು ಕೋಣೆಯಲ್ಲೇ ಇದ್ದು ಬಣ್ಣವನ್ನೇ ಕಾಣದ ವಿಜ್ಞಾನಿ, ಮೊದಲ ಸಲ ಬಣ್ಣ ಕಂಡಾಗ ಹೊಸದೇನಾದರೂ ಕಲಿಯುತ್ತಾಳೆಯೇ?) ಇರುವ ಜ್ಞಾನ ವಾದದ ಲೇಖನವನ್ನೂ ಓದಿದರೆ ಸಾಕು. ಆ ವಾದವನ್ನು ಜಾಕ್ಸನ್ನರೇ ಮುಂದೆ ಕೈಬಿಟ್ಟರು.

ನೀತಿಯ ಭಾಗ ತೀರಾ ವಿಶಾಲ, ಎಲ್ಲವನ್ನೂ ಓದಲು ಹೋಗಬಾರದು. ಎರಡು ಲೇಖನ ಸಾಕು. ಒಂದು ನೀತಿಯ ವ್ಯಾಖ್ಯೆಯದು: ಒಂದು ಸಮಾಜ ಅನುಸರಿಸುವ ನಡಾವಳಿ ಎಂಬ ವಿವರಣಾತ್ಮಕ ಅರ್ಥ, ವಿಚಾರವಂತರೆಲ್ಲ ಒಪ್ಪಬೇಕಾದ ನಡಾವಳಿ ಎಂಬ ವಿಧಾಯಕ ಅರ್ಥ. "ಒಂದೊಂದು ಸಮಾಜಕ್ಕೆ ಒಂದೊಂದು ನೀತಿ, ಆದ್ದರಿಂದ ಯಾವುದೂ ತಪ್ಪಲ್ಲ" ಎನ್ನುವವರು ಮೊದಲ ಅರ್ಥದಿಂದ ಎರಡನೆಯದಕ್ಕೆ ಸದ್ದಿಲ್ಲದೆ ಜಿಗಿದಿರುತ್ತಾರೆ. ಇನ್ನೊಂದು "ಮಾರಲ್ ಲಕ್", ಅಂದರೆ ನೈತಿಕ ಅದೃಷ್ಟ. ಇಬ್ಬರು ಒಲೆ ಆರಿಸದೆ ಹೊರಗೆ ಹೋದರು. ಒಬ್ಬರ ಮನೆಯಲ್ಲಿ ಏನೂ ಆಗಲಿಲ್ಲ, ಇನ್ನೊಬ್ಬರ ಮನೆಯ ಬೆಂಕಿ ಪಕ್ಕದ ಮನೆಯವರ ಜೀವ ತೆಗೆಯಿತು. ಅಜಾಗರೂಕತೆ ಒಂದೇ, ದೂಷಣೆ ಒಂದೇ ಅಲ್ಲ. ಇದು ಫಲಿತಾಂಶದ ಅದೃಷ್ಟ. ಥಾಮಸ್ ನೇಗಲ್ ಇಂಥವನ್ನು ನಾಲ್ಕಾಗಿ ವಿಂಗಡಿಸಿದರು: ಫಲಿತಾಂಶ, ಸನ್ನಿವೇಶ, ಸ್ವಭಾವ, ಕಾರಣ. ನಾಲ್ಕನೆಯದಕ್ಕೆ ಬರುವಷ್ಟರಲ್ಲಿ ಓದುಗರು ಮತ್ತೆ ಇಚ್ಛಾಸ್ವಾತಂತ್ರ್ಯದ ಬಾಗಿಲಲ್ಲೇ ನಿಂತಿರುತ್ತಾರೆ.

ತಾತ್ತ್ವಿಕರು ಯಾವ ಕಡೆ ಎಷ್ಟು ಜನ ಎಂಬುದು ಇಲ್ಲಿ ಸಿಗುವುದಿಲ್ಲ. ಅದಕ್ಕೆ ಫಿಲ್‌ಪೇಪರ್ಸ್ ಸಮೀಕ್ಷೆ ನೋಡಬೇಕು. 2020ರ ಸುತ್ತಿನಲ್ಲಿ ಹೊಂದಾಣಿಕೆವಾದಕ್ಕೆ ಸುಮಾರು ಶೇ. 59, ಇಚ್ಛಾಸ್ವಾತಂತ್ರ್ಯವೇ ಇಲ್ಲ ಎನ್ನುವವರು ಸುಮಾರು ಶೇ. 11. "ತಜ್ಞರೆಲ್ಲ ಅದು ಭ್ರಮೆ ಎನ್ನುತ್ತಾರೆ" ಎಂಬ ಮಾತಿಗೆ ಈ ಒಂದು ಅಂಕಿ ಸಾಕು. ಭಾಷೆ ಬಿಗಿ ಎನಿಸಿದರೆ ಇಂಟರ್ನೆಟ್ ಎನ್‌ಸೈಕ್ಲೋಪೀಡಿಯ ಆಫ್ ಫಿಲಾಸಫಿ ಇದೆ. ಅದೂ ಉಚಿತ, ಹೊಸಬರಿಗೆ ಹೆಚ್ಚು ಹಗುರ, ಆದರೆ ಆಕ್ಷೇಪಗಳ ಆಳ ಇಷ್ಟಿಲ್ಲ.

ಬಳಕೆಯ ಕೆಲವು ಸಂಗತಿಗಳು. ಇಡೀ ವಿಶ್ವಕೋಶ ಇಂಗ್ಲಿಷಿನಲ್ಲಿದೆ. ತರ್ಕದ ಸಂಕೇತಗಳು ಬಂದಾಗ ಹೆದರಿ ಮುಚ್ಚಬೇಡಿ, ಸಾಮಾನ್ಯವಾಗಿ ಹಿಂದಿನ ಅಥವಾ ಮುಂದಿನ ವಾಕ್ಯದಲ್ಲಿ ಅದೇ ಮಾತು ಸರಳವಾಗಿ ಇರುತ್ತದೆ. ಪುಟಗಳು ಬಹಳ ಉದ್ದ, ಫೋನಿನಲ್ಲಿ ಓದುವವರು ಪರಿವಿಡಿಯ ಕೊಂಡಿಯಿಂದಲೇ ಭಾಗಕ್ಕೆ ಹೋಗಬೇಕು. ಪುಟದ ತುದಿಯ "ಸಂಬಂಧಿತ ಲೇಖನಗಳು" ಪಟ್ಟಿ ಹುಡುಕಾಟದ ಪೆಟ್ಟಿಗೆಗಿಂತ ಉಪಯುಕ್ತ. ಭಾರತೀಯ ಬೌದ್ಧ ದರ್ಶನದಲ್ಲಿ ಮನಸ್ಸಿನ ಕುರಿತ ಒಳ್ಳೆಯ ಲೇಖನ ಪ್ರತ್ಯೇಕವಾಗಿದೆ. ಪ್ರಜ್ಞೆಯ ಮುಖ್ಯ ಚರ್ಚೆಯೊಳಗೆ ಅದನ್ನು ಹೆಣೆಯದಿರುವುದು ನಿಜವಾದ ನಷ್ಟ. ಚಂದವಾಗಿ ಜೋಡಿಸಿದ ಪಿಡಿಎಫ್ ಬೇಕಾದರೆ ವಾರ್ಷಿಕ ಸದಸ್ಯತ್ವ ಪಡೆಯಬೇಕು, ಓದಲು ಅದು ಬೇಕಿಲ್ಲ.

ಬರಹದಲ್ಲಿ ಉಲ್ಲೇಖಿಸುವುದಾದರೆ ಮಾಮೂಲಿ ಕೊಂಡಿ ಕೊಡಬೇಡಿ, ಲೇಖನ ನಾಳೆ ಬದಲಾಗಬಹುದು. ವರ್ಷಕ್ಕೆ ನಾಲ್ಕು ಬಾರಿ ಇಡೀ ವಿಶ್ವಕೋಶದ ಸ್ಥಿರ ಪ್ರತಿಯನ್ನು ಸಂಗ್ರಹಾಲಯಕ್ಕೆ ಸೇರಿಸುತ್ತಾರೆ, ಆ ಪ್ರತಿ ಮುಂದೆ ಬದಲಾಗುವುದಿಲ್ಲ. ಲೇಖನದ ಕೊನೆಯಲ್ಲಿ "ಉಲ್ಲೇಖಿಸುವುದು ಹೇಗೆ" ಎಂಬ ಕೊಂಡಿ ಒತ್ತಿದರೆ ಆ ಆವೃತ್ತಿಯ ವಿಳಾಸ ಸಿಗುತ್ತದೆ.